ಕೂನೋನ ಹೆಸರಿನ ಹಗೆಯೋಲೆ

ಅಪ್ಪ ಸತ್ತಾಗ ಅಣ್ಣ ಗೆರ್ಲಾಕನಿಗೆ ಐಲ್‌ಸ್ಟೈನ್ ಕೋಟೆ, ಏಳು ಹಳ್ಳಿ, ದ್ರಾಕ್ಷಿಯ ಗುಡ್ಡ ಎಲ್ಲ ಸಿಕ್ಕಿತು. ತಮ್ಮ ವಿರಿಕನಿಗೆ ಸಿಕ್ಕಿದ್ದು ಸೋರುವ ಒಂದು ಬುರುಜು. ಅದೂ ಸಾಲದೆಂಬಂತೆ ಗೆರ್ಲಾಕ ಊಟಕ್ಕೆ ಕೂತಾಗಲೆಲ್ಲ ನೆಂಟರೆದುರು ಹಂಗಿಸುತ್ತಿದ್ದ: "ನಮ್ಮ ವಿರಿಕ ಮಠದಲ್ಲಿ ಓದಿದೋನು ಕಣ್ರಯ್ಯ. ಕತ್ತಿ ಕೊಟ್ರೆ ಮಸೀಲಿ ಅದ್ದುತಾನೆ!" ವಿರಿಕ ನಗುತ್ತಿದ್ದ, ಒಳಗೊಳಗೇ ಕುದಿಯುತ್ತಿದ್ದ. ಅಣ್ಣನಿಗೆ ಮಕ್ಕಳಿರಲಿಲ್ಲ. ಅವನು ಕಣ್ಣು ಮುಚ್ಚಿದರೆ ಕೋಟೆ ತಮ್ಮನದೇ.

ಕೊಲ್ಲುವುದು ಸುಲಭ, ದಕ್ಕಿಸಿಕೊಳ್ಳುವುದು ಕಷ್ಟ. ಅದಕ್ಕೇ ಅವನು ಹೊಳೆಯಾಚೆಯ ಹೋಲ್ಡ್‌ಬಾಖ್ ಒಡೆಯ ಕೂನೋನನ್ನು ಆರಿಸಿಕೊಂಡ. ಹಂದಿ ಮೇಯಿಸುವ ಕಾಡಿಗಾಗಿ ಎರಡೂ ಮನೆಗಳದು ಅಜ್ಜನ ಕಾಲದಿಂದ ಹಾವು ಮುಂಗುಸಿ ಸಂಬಂಧ. ಐಫೆಲ್ ಬೆಟ್ಟಗಳ ಕಟ್ಟಳೆಯಂತೆ ಒಡೆಯನೊಬ್ಬ ಇನ್ನೊಬ್ಬನ ಮೇಲೆ ಬೀಳಬೇಕಾದರೆ ಮುದ್ರೆಯೊತ್ತಿದ ಹಗೆಯೋಲೆ ಕಳಿಸಿ ಮೂರು ದಿನ ಕಾಯಬೇಕು. ಆಮೇಲೆ ಹರಿದ ರಕ್ತ ಕೊಲೆಯಲ್ಲ, ಕಾಳಗ. ವಿರಿಕ ಕೂನೋನ ಹಳೆಯ ಪತ್ರವೊಂದರಿಂದ ಮೇಣದ ಮುದ್ರೆಯನ್ನು ಕಾದ ತಂತಿಯಲ್ಲಿ ಎಬ್ಬಿಸಿದ. ಕೂನೋನ ಪತ್ರಗಳನ್ನೆಲ್ಲ ಬರೆದುಕೊಡುವ ಹೋಲ್ಡ್‌ಬಾಖ್ ಪಾದ್ರಿಯ ಬಾಗಿದ ಅಕ್ಷರಗಳನ್ನು, ಆತ ಮಾಡುವ ತಪ್ಪುಗಳ ಸಮೇತ, ವಾರವಿಡೀ ತಿದ್ದಿ ಕಲಿತ.

ಸೋಮವಾರ ಬೆಳಗಾದಾಗ ಓಲೆಯನ್ನು ಕೋಟೆಯ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಲಾಗಿತ್ತು. ವಿರಿಕನೇ ಓದಿ ಹೇಳಿದ. "ಆ ಬೊಜ್ಜಿನ ಕೂನೋ ಮೊದ್ಲು ಕುದುರೆ ಹತ್ಲಿ, ಆಮೇಲೆ ನೋಡೋಣ!" ಎಂದು ಗೆರ್ಲಾಕ ಬಿಯರ್ ತರಿಸಿದ. ಹೆದರಿ ಒಳಗೆ ಕೂರುವ ಆಸಾಮಿಯಲ್ಲ ಅವನು. ಅದನ್ನೂ ವಿರಿಕ ಯೋಚಿಸಿಯೇ ಇದ್ದ. ಶುಕ್ರವಾರ ಹಾಡಹಗಲೇ, ಹಂದಿ ಬೇಟೆಯಲ್ಲಿ, ಪೊದೆಯ ಮರೆಯಿಂದ ವಿರಿಕ ಬಿಟ್ಟ ಬಾಣ ಅಣ್ಣನ ಕುತ್ತಿಗೆಗೆ ನೆಟ್ಟಿತು. ತಮ್ಮನಿಗೆ ಅಳು ಬರಲಿಲ್ಲ, ಮನಸ್ಸು ಹಗುರಾಯಿತು.

ಹತ್ತು ದಿನದ ಮೇಲೆ ಕೋಟೆಯನ್ನು ವಿರಿಕನಿಗೆ ಒಪ್ಪಿಸಲು ಮೇಲೊಡೆಯ ಕೌಂಟ್ ಬಂದ. ಆತ ಕರೆಸಿದ್ದರಿಂದ ಕೂನೋನೂ ಬಂದ. ಇವನು ಓಲೆ ತನ್ನದಲ್ಲವೆಂದು ಆಣೆ ಪ್ರಮಾಣ ಮಾಡಿ ಗೋಳಾಡುತ್ತಾನೆಂದು ವಿರಿಕ ಕಾದಿದ್ದ. ಕೂನೋ ಅದೇನೂ ಮಾಡಲಿಲ್ಲ.

ಓಲೆಯ ಕೊನೆಯ ಸಾಲನ್ನು ತನ್ನ ಪಾದ್ರಿಯಿಂದ ಎರಡು ಸಲ ಓದಿಸಿ, ಹೊಟ್ಟೆ ಹಿಡಿದು ನಕ್ಕ. "ಫೆಬ್ರವರಿ, ಸಾವಿರದ ನಾನೂರ ಹದಿಮೂರಂತೆ! ಸ್ವಾಮಿ, ಈ ದಡ ಕಲೋನ್ ಬಿಷಪ್ಪರದು, ಇಲ್ಲಿ ಕ್ರಿಸ್ಮಸ್ಸಿಗೇ ಹೊಸ ವರ್ಷ. ಆಚೆ ದಡದ ನಾವು ಟ್ರಿಯರ್ ಬಿಷಪ್ಪರ ಕಡೆಯೋರು. ಮಾರ್ಚ್‌ನಲ್ಲಿ ಮರಿಯಮ್ಮನ ಹಬ್ಬ ಬರೋತನಕ ನಮಗಿನ್ನೂ ಸಾವಿರದ ನಾನೂರ ಹನ್ನೆರಡೇ. ನಮ್ಮ ಪಾದ್ರಿ ನಿದ್ದೆಗಣ್ಣಲ್ಲೂ ಹೀಗೆ ಬರೆಯಲ್ಲ. ಬರೆದೋನು ಈ ದಡದೋನು." ಕೌಂಟ್ ನಗಲಿಲ್ಲ. "ಈ ಕೋಟೇಲಿ ಬರೆಯೋಕೆ ಯಾರಿಗೆ ಬರುತ್ತೆ?" ಎಂದ. ವಿರಿಕ ಬಾಯಿ ತೆರೆಯುವ ಮೊದಲೇ ಬಾಗಿಲು ಕಾಯುವ ಮುದುಕ ಹೆಮ್ಮೆಯಿಂದ ಮುಂದೆ ಬಂದ: "ನಮ್ ಚಿಕ್ಕ ದಣಿ ಒಬ್ರಿಗೇ, ಬುದ್ಧೀ!"