ಐದು ಪೌಂಡಿನ ಸುಳ್ಳು

"ಎಷ್ಟು ಬಿಗಿ ಬೇಕು?"

ಬೆಳ್ತಂಗಡಿ ಬಸ್ ಸ್ಟ್ಯಾಂಡ್ ಎದುರಿನ ತನ್ನ ಆಟದ ಸಾಮಾನಿನ ಅಂಗಡಿಯಲ್ಲಿ ಶೋಧನ್ ತಲೆ ಎತ್ತದೆ ಕೇಳಿದ. ಕೈಯಲ್ಲಿ ಜಾಲರಿಯ ಗಟ್ ದಾರ ಹರಿದ ಟೆನಿಸ್ ರ‍್ಯಾಕೆಟ್. ಹಿಡಿಕೆಗೆ ಸುತ್ತಿದ್ದ ಪರಿಚಯದ ನೀಲಿ ಬಟ್ಟೆ ಕಂಡದ್ದೇ ಅವನ ಬೆರಳು ನಿಂತುಬಿಟ್ಟಿತು.

"ಈ ಸಲ ಹೇಳಿದಷ್ಟೇ ಹಾಕ್ತೀರಾ?"

ತೃಪ್ತಿ... ಏಳು ವರ್ಷದ ಮೇಲೆ!

ಮೊದಲ ಮಾತಿಗೇ ಚುಚ್ಚಿದಳು ನೋಡಿ. ಮೂಡುಬಿದಿರೆಯಿಂದ ಬರುವಾಗ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದು ಬೇರೆಯೇ, ಪಾಪ. ಅದರಲ್ಲಿ 'ತಪ್ಪಾಯ್ತು' ಅಂತ ಒಂದು ಶಬ್ದ ಇತ್ತು. ಅದನ್ನು ಬಿಟ್ಟು ಬೇರೆಯದೇ ಬಾಯಿಗೆ ಬಂತು.

"ಕೂತ್ಕೊಳ್ಳಿ," ಎಂದ ಶೋಧನ್.

ಕೂತಳು. ಎದ್ದಳು. ಬ್ಯಾಗಿನೊಳಗೆ ಮೊಬೈಲ್ ಮತ್ತೆ ಬಡಿದುಕೊಂಡಿತು. ಪುಣೆಯ ಕ್ಲಬ್ಬಿನವರು. ಕೋಚ್ ಕೆಲಸಕ್ಕೆ ಬರುತ್ತಾಳೋ ಇಲ್ಲವೋ, ಮಧ್ಯಾಹ್ನದೊಳಗೆ ಹೇಳಬೇಕಿತ್ತು.

ಏಳು ವರ್ಷದ ಹಿಂದೆ, ೧೯೯೭ರಲ್ಲಿ, ಅವಳ ರ‍್ಯಾಕೆಟ್ಟಿಗೆಲ್ಲ ಗಟ್ ಹಾಕುತ್ತಿದ್ದವನು ಇವನೇ. ಮನಸ್ಸೂ ಇವನಲ್ಲೇ ಇತ್ತು. ಐವತ್ತೈದು ಪೌಂಡ್ ಬಿಗಿ, ಅದು ಅವಳ ಲೆಕ್ಕ. ಬಿಗಿ ಇದ್ದಷ್ಟು ಚೆಂಡು ಹೇಳಿದಲ್ಲಿ ಬೀಳುತ್ತದೆ, ಆದರೆ ಪೆಟ್ಟೆಲ್ಲ ಭುಜಕ್ಕೆ. ಕೋಲ್ಕತ್ತಾದ ಸೆಮಿಫೈನಲಿನಲ್ಲಿ ಅವಳು ಹೊಡೆದ ಚೆಂಡೆಲ್ಲ ಗೆರೆ ದಾಟಿ ಹೋದವು. ಸೋತಳು. ಆಮೇಲೆ ಅಳೆಸಿ ನೋಡಿದರೆ ಬರೀ ಐವತ್ತು!

ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಬೈದಳು. ಅವನು "ತಪ್ಪಾಯ್ತು" ಎಂದನೇ ಹೊರತು ಕಾರಣ ಹೇಳಲಿಲ್ಲ. ಅಂದು ಮುರಿದ ಮಾತು ಇಂದಿಗೂ ಕೂಡಿರಲಿಲ್ಲ.

"ಒಂದು ಕೇಳ್ತೇನೆ," ಎಂದಳು ಈಗ. "ಅವತ್ತು ಐದು ಪೌಂಡ್ ಯಾಕೆ ಕಡಿಮೆ ಹಾಕಿದ್ದು? ಮರೆತು ಹೋಯಿತಾ, ಬೇಕಂತಲೇ ಮಾಡಿದ್ದಾ?"

"ಬೇಕಂತಲೇ. ನಿಮ್ಮ ಭುಜ ನೋಯ್ತಾ ಇತ್ತಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತೃಪ್ತಿಯ ಕೈ ತಾನಾಗಿ ಬಲಭುಜಕ್ಕೆ ಹೋಯಿತು. ಆಗ ಆ ನೋವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೆತ್ತ ತಂದೆಗೂ!

"ನಿಮಗೆ ಹೇಗೆ ಗೊತ್ತಾಯ್ತು?"

"ಚಹಾದ ಗ್ಲಾಸ್ ಎಡಗೈಯಲ್ಲಿ ಹಿಡೀತಿದ್ರಿ."

ಹೋದ ತಿಂಗಳು ಅವಳ ಆಟ ಬಿಡಿಸಿದ ಡಾಕ್ಟರು ಹೇಳಿದ್ದರು... ಗಟ್ ಐವತ್ತೈದರಷ್ಟೇ ಬಿಗಿ ಇಟ್ಟಿದ್ದರೆ ಈ ಭುಜ ಅವತ್ತೇ ಮುಗಿಯುತ್ತಿತ್ತು ಎಂದು. ಸೋತ ಸಿಟ್ಟಿದ್ದರೂ, ಕೈಗೆ ಹಿತ ಅನಿಸಿ ಆ ಐವತ್ತನ್ನು ಅವಳು ಬದಲಿಸಿರಲೇ ಇಲ್ಲ. ಅದರಲ್ಲೇ ಏಳು ವರ್ಷ ಆಡಿದ್ದಳು.

"ಫೋನಲ್ಲಿ ಹೇಳಬಹುದಿತ್ತಲ್ಲ ಮಾರಾಯ..."

"ಬೂತಿನಲ್ಲಿ ನಿಮ್ಮ ಪಕ್ಕ ಅಪ್ಪನ ದನಿ ಕೇಳ್ತಿತ್ತು. ಅವರಿಗೆ ಗೊತ್ತಾದ್ರೆ ಆಟವೇ ನಿಲ್ಲಿಸ್ತಿದ್ರು." ಅವನು ರ‍್ಯಾಕೆಟ್ ಕೆಳಗಿಟ್ಟ. "ಆದ್ರೂ ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪೇ. ಸೋತದ್ದು ನೀವು, ನಾನಲ್ಲ."

ಅವಳಿಗೆ ಕಣ್ಣು ತುಂಬಿ ಬಂತು. ತಾನು ಕಲಿತು ಬಂದ ಶಬ್ದವನ್ನು ಇವನು ಎರಡನೇ ಸಲ ಹೇಳುತ್ತಿದ್ದಾನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ತಪ್ಪು ನನ್ನದು. ಒಂದು ಮಾತು ಕೇಳದೆ ಬಿಟ್ಟು ಹೋದೆ, ಶೋಧನ್."

ಅವನು ಗಟ್ಟಿನ ಸುರುಳಿ ಬಿಚ್ಚಿ ಮೆಷಿನ್ನಿಗೆ ಸಿಕ್ಕಿಸಿದ.

"ಎಷ್ಟು ಹಾಕುವ?"

"ಐವತ್ತು," ಎಂದಳು. "ಈ ಸಲ ನಾನೇ ಹೇಳ್ತಿದ್ದೇನೆ."

ಮೊಬೈಲ್ ಮತ್ತೆ ಬಡಿದುಕೊಂಡಿತು. ಅವಳು ಎತ್ತಿದಳು. "ಇಲ್ಲ ಸರ್, ಪುಣೆಗೆ ಕೋಚ್ ಆಗಿ ಬರುವುದಿಲ್ಲ. ಮೂಡುಬಿದಿರೆಯಲ್ಲೇ ಮಕ್ಕಳಿಗೆ ಕಲಿಸ್ತೇನೆ," ಎಂದು ಇಟ್ಟಳು.

ಶೋಧನ್ ಪಕ್ಕದ ಹೋಟೆಲಿನಿಂದ ಎರಡು ಚಹಾ ತಂದ. ಒಂದನ್ನು ಅವಳ ಎಡಗೈ ಕಡೆ ಇಟ್ಟ.

"ಪುಣೆಯಲ್ಲಿ ಒಳ್ಳೆ ಕೆಲಸ ಅಲ್ವಾ? ಯಾಕೆ ಬೇಡ ಅಂದ್ರಿ?"

"ಅಲ್ಲಿ ನಾನು ಯಾವ ಕೈಯಲ್ಲಿ ಚಹಾ ಕುಡೀತೇನೆ ಅಂತ ನೋಡುವವರು ಯಾರು ಉಂಟು?"

"ಇಲ್ಲಿ ಉಂಟು," ಎಂದ. ಆಮೇಲೆ ಮೆಲ್ಲಗೆ, "ಕುಡಿ. ತಣಿದು ಹೋಗ್ತದೆ."

'ಕುಡಿಯಿರಿ' ಅನ್ನಲಿಲ್ಲ ಅವನು. ಅವಳು ಕುಡಿದಳು.