ಲಾಂಗಿಯಜ್ಜಿಯ ತೊಟ್ಟಿಯ ಮೋಟಾರು

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸವಾಯಿ ದ್ವೀಪದ ಠಾಣೆಗೆ ಚರ್ಚಿನ ಹಿರಿಯ ಸೋಲೋ ಏದುಸಿರು ಬಿಡುತ್ತ ಬಂದ. ಚರ್ಚಿನ ಉಗ್ರಾಣದಲ್ಲಿದ್ದ ನೀರೆತ್ತುವ ಮೋಟಾರು ಕಳುವಾಗಿತ್ತು. ಇನ್ಸ್‌ಪೆಕ್ಟರ್ ಸೆಫಿನಾ ಎಫ್‌ಐಆರ್ ದಾಖಲಿಸಿದಳು.

"ಕೊನೆಗೆ ನೋಡಿದ್ದು?"

"ಹೋದ ತಿಂಗಳು. ಇವತ್ತು ಬೀಗ ತೆಗೆದ್ರೆ ಜಾಗ ಖಾಲಿ, ಹಿಂದಿನ ಕಿಟಕಿ ಕಿತ್ತಿದೆ."

"ಹಗಲೆಲ್ಲಾ ಊರಿನವರು ಬೀದೀಲೇ ಇರ್ತಾರೆ, ಕದ್ರೆ ಕಾಣುತ್ತೆ. ಸಂಜೆ ಪ್ರಾರ್ಥನೆ ಹೊತ್ತಲ್ಲಿ ಹೋಗಿರ್ಬೇಕು."

"ಎಲ್ಲಾದ್ರೂ ಉಂಟಾ! ಆ ಹೊತ್ತಲ್ಲಿ ಯಾರೂ ಆಚೆ ಕಾಲಿಡಂಗಿಲ್ಲ. ರಸ್ತೆಯ ಎರಡೂ ತುದೀಲಿ ಹುಡುಗರ ಕಾವಲು."

"ಕಡಲ ಕಡೆ?"

"ಅಲ್ಲಿ ಯಾಕೆ ಕಾವಲು?" ಎಂದ ಸೋಲೋ. "ಮೀನಿಗೆ ಕಾವಲು ಹಾಕೋದು ಮರೆತ್ರಾ?" ಎಂದು ಕಾನ್‌ಸ್ಟೇಬಲ್ ಯೋಸೆಫಾ ಕಿಚಾಯಿಸಿದ.

ದಂಡೆಯ ಗುಂಟ ಹೋದ ಪೊಲೀಸರಿಗೆ ಮೊದಲು ಸಿಕ್ಕಿದ್ದು ಲಾಂಗಿಯಜ್ಜಿಯ ಮನೆ. ಅವಳ ಕಾಲು ಬಿದ್ದುಹೋಗಿ ವರ್ಷಗಳಾಗಿದ್ದವು. ಒಬ್ಬನೇ ಮಗ ಮಾಲಾಕಿ ಹಿರಿಯರ ಸಭೆಯಲ್ಲಿ ಎದುರು ಮಾತಾಡಿ ಊರಿನಿಂದ ಬಹಿಷ್ಕೃತನಾಗಿದ್ದ. ಆದರೂ ಮಂಚದ ಪಕ್ಕದ ತೊಟ್ಟಿ ತುಂಬಿ ತುಳುಕುತ್ತಿತ್ತು.

"ನೀರು ಯಾರು ತುಂಬ್ತಾರಜ್ಜಿ?"

"ದೇವರು, ಮಗಳೇ. ಮೊಗೆದು ನೋಡು."

ಸೆಫಿನಾ ಮೊಗೆದಳು. ನಾಲ್ಕೈದು ಬಕೆಟ್ ಆಗುತ್ತಲೇ ತೊಟ್ಟಿಯ ಹಿಂದೆ ಟಕ್ ಎಂದಿತು. ಯಾರೂ ಮುಟ್ಟದೆ ಮೋಟಾರು ಗುಂಯ್‌ಗುಟ್ಟಿತು, ಬಾವಿಯ ನೀರು ಬಂತು. ತೊಟ್ಟಿ ತುಂಬಿದ ಕೂಡಲೇ ತಾನಾಗಿ ನಿಂತಿತು. ಯೋಸೆಫಾ ಟೋಪಿ ತೆಗೆದ.

ತೊಟ್ಟಿಯ ಹಿಂದಿದ್ದ ತಗಡಿನ ಡಬ್ಬಿಯೊಳಗೆ ಕಡಲೆಕಾಳಿನಷ್ಟು ಟ್ರಾನ್ಸಿಸ್ಟರ್, ತಾನಾಗಿ ಬಿದ್ದೇಳುವ ಸ್ವಿಚ್ಚಿನಂಥ ಒಂದು ಪುಟ್ಟ ರಿಲೇ. ತೊಟ್ಟಿಯಲ್ಲಿ ಇಳಿಬಿಟ್ಟ ಎರಡು ಹಿತ್ತಾಳೆ ಸರಳು. ನೀರು ಇಳಿದು ಉದ್ದದ್ದರ ತುದಿ ಬಿಟ್ಟರೆ ಮೋಟಾರು ಹೊರಡುತ್ತದೆ, ಏರಿ ಗಿಡ್ಡದ್ದನ್ನು ಮುಟ್ಟಿದರೆ ನಿಲ್ಲುತ್ತದೆ. ಅಷ್ಟೇ! ಕಾಳಿನಷ್ಟು ವಸ್ತು ಆಳೆತ್ತರಕ್ಕೆ ನೀರೆತ್ತುವ ಯಂತ್ರವನ್ನು ಎಬ್ಬಿಸಿ ಮಲಗಿಸುತ್ತಿತ್ತು. ಸೆಫಿನಾಗೆ ಮೈ ಜುಮ್ಮೆಂದಿತು. ಪಂಚನಾಮೆ ಮರೆತು ಮತ್ತೆ ಮೊಗೆದಳು, ಮತ್ತೊಮ್ಮೆ ಮೊಗೆದಳು.

"ಮೇಡಮ್, ಕೇಸು," ಎಂದ ಯೋಸೆಫಾ.

ಇನ್ನೊಂದು ತಂತಿ ಹಲಸಿನ ಜಾತಿಯ ಮರವೊಂದನ್ನೇರಿ, ಕೊಲ್ಲಿಗೆ ಮುಖಮಾಡಿದ್ದ ಕೆಂಪು ಬಲ್ಬಿಗೆ ಸೇರಿತ್ತು. ಮೋಟಾರು ಓಡುವಾಗ ಮಾತ್ರ ಅದು ಉರಿಯುತ್ತಿತ್ತು. ಯಾಕೆಂದು ಅಜ್ಜಿಗೂ ಗೊತ್ತಿರಲಿಲ್ಲ. ಮೋಟಾರಿನ ಮೇಲೆ ಚರ್ಚಿನ ಹೆಸರಿತ್ತು; ಜಪ್ತಿ ಮಾಡಿದರು. ಅಜ್ಜಿಗೆ ನೀರು ಸೇದಿ ಹಾಕುವ ಕೆಲಸ ಯೋಸೆಫಾನ ತಲೆಗೆ ಬಂತು.

ಮಂಗಳವಾರ ಸಂಜೆ ಶಂಖ ಊದಿ ಊರು ಪ್ರಾರ್ಥನೆಗೆ ಕುಳಿತಿತು. ಸೆಫಿನಾ ದಂಡೆಯಲ್ಲಿ ಹೊಂಚು ಹಾಕಿದ್ದಳು. ಆದರೆ ಕೊಲ್ಲಿ ದಾಟಿ ಬಂದವನು ಅವಿತುಕೊಳ್ಳಲೇ ಇಲ್ಲ. ದೋಣಿ ಬಿಟ್ಟು, ಅಜ್ಜಿಯ ಮನೆಗೆ ಹೋಗುವ ರಸ್ತೆಗೇ ನೇರ ಓಡಿದ. ಕಾವಲಿನ ಹುಡುಗರು ಹಿಡಿದು ಕೆಡವಿದರು.

"ಮಾಲಾಕಿ! ಮಾನ ಮರ್ಯಾದೆ ಐತೇನೋ?"

ಅವನು ಅವರತ್ತ ನೋಡಲಿಲ್ಲ. ಓಡಿಬಂದ ಸೆಫಿನಾಳ ಕೈ ಹಿಡಿದು, "ಅಮ್ಮ ಯಾವಾಗ ಹೋದ್ಳು?" ಎಂದ.

"ಹೋದ್ಳು ಅಂತ ಯಾರಂದ್ರು?"

"ನಿನ್ನೆಯಿಂದ ದೀಪ ಹತ್ತಿಲ್ಲ. ಆಚೆ ದಡದಿಂದ ದಿನಾ ಕಾಯ್ತೀನಿ. ಅಮ್ಮ ನೀರು ಬಳಸಿದ್ರೆ ತಾನೇ ಹತ್ತೋದು?"

ಸೆಫಿನಾಗೆ ಈಗ ಹೊಳೆಯಿತು: ದೀಪ ಆರಿಸಿದವಳು ತಾನೇ. ಅಷ್ಟರಲ್ಲಿ ಮನೆಯೊಳಗಿಂದ ಅಜ್ಜಿ ಒಡಕು ದನಿಯಲ್ಲಿ ಸ್ತೋತ್ರ ಹಾಡತೊಡಗಿದಳು. ಮಾಲಾಕಿ ರಸ್ತೆಯಲ್ಲೇ ಕುಸಿದು ಕುಳಿತು ಅತ್ತ.

"ಠಾಣೆಗೆ ಎಳ್ಕೊಂಡು ಹೋಗಿ ಮೇಡಮ್," ಎಂದ ಒಬ್ಬ ಹುಡುಗ.

"ಪ್ರಾರ್ಥನೆ ಹೊತ್ತಲ್ಲಿ ರಸ್ತೆ ಮೇಲೆ ಯಾರೂ ಇರಂಗಿಲ್ಲ ಅನ್ನೋದು ನಿಮ್ದೇ ಕಟ್ಟಳೆ ಅಲ್ವೇನ್ರೋ? ಏಳು ಮಾಲಾಕಿ, ಹತ್ತಿರದ ಮನೆ ಯಾವುದೋ ಅದಕ್ಕೆ ನಡಿ."

ಅವನು ಹೋಗಿ ತಾಯಿಯ ಪಕ್ಕ ಕುಳಿತ. ಹಾಡು ಪೂರ್ತಿ ಮುಗಿದ ಮೇಲೆಯೇ ಬಂಧನವಾಯಿತು.