ಮೀನಿನ ತೊಟ್ಟಿಗೆ ಬಿದ್ದ ಕೀಲಿ

ಕುಕ್ಕರಿನ ಮುಚ್ಚಳ ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು!

"ಇನ್ನೊಂದು ಹೆಜ್ಜೆ ಇಟ್ರೆ ಕುಕ್ಕರೇ ಬರುತ್ತೆ!"

ಬಾಗಿಲಲ್ಲಿ ನಿಂತಿದ್ದವಳು ಇಂಜಿನಿಯರ್. ದೊಡ್ಡ ಇಮೇಲ್ ಕಂಪನಿಯೊಂದರವಳು. ನಿನ್ನೆ ಸಂಜೆ ಅವಳ ಕೆಲಸ ಹೋಗಿತ್ತು. ಇವತ್ತು ಬೆಳಿಗ್ಗೆ ಊರಿಗೆಲ್ಲ ಇಮೇಲೇ ನಿಂತುಹೋಗಿತ್ತು.

ನಾನು ಯಾರು ಅಂತೀರಾ? ದೊಡ್ಡವರು ಮಾಡಿದ ಗಲೀಜು ತೊಳೆಯುವವನು. ಕಂಪನಿಯ ಧಣಿ ಫೋನಿನಲ್ಲಿ ಹೇಳಿದ್ದು ಇಷ್ಟೇ... "ಸೇಡಿಗೆ ಕೆಡಿಸಿದ್ದು ಅವಳೇ. ತಪ್ಪೊಪ್ಪಿಗೆಗೆ ಸೈನ್ ಹಾಕಿಸ್ಕೊಂಡು ಬಾ. ಮಿಕ್ಕಿದ್ದು ಪೊಲೀಸರು ನೋಡ್ಕೋತಾರೆ."

"ಸೈನ್ ಹಾಕಮ್ಮ," ಎಂದೆ. "ಜೈಲಂತೂ ತಪ್ಪಲ್ಲ. ಏಟಾದ್ರೂ ತಪ್ಪುತ್ತೆ."

ಅವಳು ಹೆದರಲಿಲ್ಲ. ಉರಿದುಬಿದ್ದಳು.

"ಕೆಡಿಸಿದ್ದು ನಿಮ್ಮ ಧಣಿ ಕಣ್ರೀ! 'ಅವಳ ಹೆಸರಿರೋದೆಲ್ಲ ಅಳಿಸಿ ಹಾಕಿ' ಅಂತ ಆಫೀಸಲ್ಲಿ ಕೂಗಾಡಿದ. ಡಿ.ಎನ್.ಎಸ್. ಅಕೌಂಟೂ ನನ್ನ ಹೆಸರಲ್ಲೇ ಇತ್ತು. ಅದೂ ಹೋಯ್ತು!"

"ಹಾಗಂದ್ರೆ?"

"ನಿಮ್ಮ ಮೊಬೈಲು ನಮ್ಮ ಕಂಪನಿಯ ಹೆಸರು ಹೇಳಿ ದಾರಿ ಕೇಳುತ್ತೆ. ದಾರಿ ಹೇಳೋದು ಡಿ.ಎನ್.ಎಸ್. ಈಗ ಮನೆ ಇದೆ, ಒಳಗೆ ದೀಪಾನೂ ಉರೀತಿದೆ. ದಾರಿ ಹೇಳೋರೇ ಇಲ್ಲ."

"ಸರಿ ಮಾಡೋಕಾಗಲ್ವಾ?"

"ಅಳಿಸಿದ ಅಕೌಂಟ್ ವಾಪಸ್ ತರೋಕೆ ನನ್ನ ಕೀಲಿ ಬೇಕು. ಕಂಪ್ಯೂಟರಿಗೆ ಚುಚ್ಚೋ ಪುಟ್ಟ ಕೀಲಿ. ನಿನ್ನೆ ನಿಮ್ಮ ಧಣಿ ನನ್ನ ಕೊರಳಿಂದ ಕಿತ್ತು ತನ್ನ ಮೀನಿನ ತೊಟ್ಟಿಗೆ ಎಸೆದ... ಎಲ್ಲರ ಮುಂದೆ!"

ನನಗೆ ಕೋಪ ಬರುವುದು ನಿಧಾನ. ಬಂದರೆ ಇಳಿಯುವುದಿಲ್ಲ... ದೇವರು ಕೊಟ್ಟ ಗುಣ. ಹೆಣ್ಣುಮಗಳ ಕೊರಳಿಗೆ ಕೈ ಹಾಕಿದವನ ಕೆಲಸಕ್ಕೆ ಬಂದಿದ್ದೆನಲ್ಲ!

ತಪ್ಪೊಪ್ಪಿಗೆಯನ್ನು ಹರಿದೆ.

ಕೆಳಗೆ ವ್ಯಾನಿನ ಬಾಗಿಲು ಬಡಿದ ಸದ್ದು. ಧಣಿ ನನ್ನ ಹಿಂದೆಯೂ ಇಬ್ಬರನ್ನು ಬಿಟ್ಟಿದ್ದ!

"ಸ್ಕೂಟರ್ ಇದೆಯಾ ತಂಗಿ?"

"ಹಿಂದ್ಗಡೆ ಇದೆ. ಬ್ರೇಕ್ ಸರಿಯಿಲ್ಲ."

"ನಿಲ್ಲಿಸೋರು ಯಾರು ಈಗ!"

ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹಿಂದೆ ಕೂತಳು. ಸಿಗ್ನಲ್ ಹಾರಿದೆ. ವ್ಯಾನೂ ಹಾರಿತು. ಎರಡು ಬಸ್ಸುಗಳ ನಡುವೆ ಸಣ್ಣ ಸಂದು... ನಾವು ತೂರಿದೆವು.

ವ್ಯಾನ್ ತೂರಲಿಲ್ಲ!

ಆಫೀಸಿನ ಕಾರ್ಡ್ ಬಾಗಿಲುಗಳೂ ಕೆಟ್ಟಿದ್ದವು. ಮುಚ್ಚಿಕೊಳ್ಳದಂತೆ ಕುರ್ಚಿ ಅಡ್ಡ ಇಟ್ಟಿದ್ದರು. ಧಣಿ ಕೆಳಗಿನ ಹಾಲಿನಲ್ಲಿ ಪತ್ರಕರ್ತರಿಗೆ ಕಣ್ಣೀರು ತೋರಿಸುತ್ತಿದ್ದ. ಅವನ ಕೋಣೆಗೆ ನುಗ್ಗಿ ತೊಟ್ಟಿಗೆ ಭುಜದವರೆಗೆ ಕೈ ಇಳಿಸಿದೆ.

ಕಲ್ಲು... ಪಾಚಿ... ಮೀನು... ಕೀಲಿ!

ಅವಳು ತೋಳಿಗೆ ಒರೆಸಿ ಲ್ಯಾಪ್‌ಟಾಪಿಗೆ ಚುಚ್ಚಿದಳು. ಬೆರಳುಗಳು ಓಡಿದವು.

"ಆಯ್ತಾ?"

"ವಿಳಾಸ ವಾಪಸ್ ಹಾಕಿದೀನಿ. ಎಲ್ಲ ಕಡೆ ಗೊತ್ತಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಹೊತ್ತೇ ಸಿಗಲಿಲ್ಲ. ಬಾಗಿಲು ಧಡ್ ಎಂದು ತೆರೆಯಿತು! ಧಣಿ, ಪಕ್ಕದಲ್ಲಿ ಇನ್‌ಸ್ಪೆಕ್ಟರ್, ಹಿಂದೆ ಆಫೀಸಿಗೆ ಆಫೀಸೇ.

"ನೋಡಿ ಸಾರ್, ಇವಳೇ! ಇನ್ನೂ ಕೆಡಿಸ್ತಾ ಕೂತಿದ್ದಾಳೆ! ಲೇ... ನೀನು ನನ್ನ ಅನ್ನ ತಿಂದು..."

"ಅನ್ನ ಎಲ್ಲಿ ಧಣಿ?" ಒದ್ದೆ ತೋಳು ತೋರಿಸಿದೆ. "ನಿಮ್ಮಲ್ಲಿ ಸಿಕ್ಕಿದ್ದು ಬರೀ ನೀರು."

ಇನ್‌ಸ್ಪೆಕ್ಟರ್ ಕೈಕೋಳ ತೆಗೆದ. ಅವಳು ಕಣ್ಣು ಮುಚ್ಚಿ ಕೈ ಚಾಚಿದಳು. ನಾನು ಅಡ್ಡ ನಿಂತೆ.

ಟಿಣ್!

ಯಾರದೋ ಮೊಬೈಲು. ಇನ್ನೊಂದು... ಮತ್ತೊಂದು... ಕೋಣೆಯ ತುಂಬ ಟಿಣ್ ಟಿಣ್!

"ಬಂತು! ಮೇಲ್ ಬಂತು!" ರಿಸೆಪ್ಷನಿಸ್ಟ್ ಕುಣಿದಳು. ಗಟ್ಟಿಯಾಗಿ ಓದತೊಡಗಿದವಳು ತಡವರಿಸಿದಳು. "'ಅಳಿಸೋಕೆ ಹೇಳಿದ್ದು ನಾನು ಅಂತ ಯಾರಾದ್ರೂ ಪೊಲೀಸರ ಹತ್ರ ಬಾಯಿಬಿಟ್ರೆ ಕೆಲಸ ಹೋಗುತ್ತೆ...' ಸಾರ್, ಇದು... ನೀವು ಕಳಿಸಿದ್ದು!"

ಇಂಜಿನಿಯರ್ ಕಣ್ಣು ತೆರೆದಳು.

"ನಮ್ಮದು ಕೆಟ್ಟಿದೆ ಅಂತ ಬೆಳಿಗ್ಗೆ ಬೇರೆ ಕಂಪನಿಯ ಇಮೇಲಿಂದ ಕಳಿಸಿದ್ರಾ ಸಾರ್? ದಾರಿ ಸಿಗದ ಮೇಲ್ ಅಷ್ಟು ಬೇಗ ಸಾಯಲ್ಲ. ಹೊಸ್ತಿಲಾಚೆ ನಿಂತು ಕಾಯುತ್ತೆ."

ಕೈಕೋಳ ದಿಕ್ಕು ಬದಲಿಸಿತು.

"ಏನಾದ್ರೂ ಮಾಡೋ!" ಧಣಿ ನನ್ನ ಒದ್ದೆ ತೋಳು ಹಿಡಿದು ಜಗ್ಗಿದ. "ನನ್ನ ಲಾಯರಿಗಾದ್ರೂ ತಿಳಿಸೋ!"

ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಮೇಲ್ ಹಾಕಿ ಧಣಿ... ಈಗ ತಲುಪುತ್ತೆ."